ಕಸ್ತೂರಿರಂಗನ್ ವರದಿ: ಅದರಲ್ಲಿ ಇರುವುದು, ನೀವು ಹೇಳುತ್ತಿರುವುದು

ಪಶ್ಚಿಮ ಘಟ್ಟ ಹಾದುಹೋಗುವ ಹತ್ತು ಜಿಲ್ಲೆಗಳ ಶಾಸಕರಿಗೆ, ಸಂಸದರಿಗೆ, ಉಸ್ತುವಾರಿ ಸಚಿವರಿಗೆ; ಘಟ್ಟದ ಪರವಾಗಿ ದನಿ ಎತ್ತುವ ಪರಿಸರ ಸಂಘಟನೆಗಳ ಮುಂದಾಳುಗಳಿಗೂ

ಮಾನ್ಯರೇ,

ನಾನು ಶೃಂಗೇರಿ ಸೀಮೆಯ ಒಬ್ಬ ಅಡಿಕೆ ಬೆಳೆಗಾರ. ಪಶ್ಚಿಮ ಘಟ್ಟದ ಯಾವ ಭಾಗ ಪರಿಸರ ಸೂಕ್ಷ್ಮ ಎಂದು ಗುರುತಿಸಿದ ಕಸ್ತೂರಿರಂಗನ್ ವರದಿ ಬೇಕೋ ಬೇಡವೋ ಎಂದು ವಾದ ಹೂಡಲು ಈ ಪತ್ರ ಬರೆಯುತ್ತಿಲ್ಲ. ಆ ವಾದ ವರದಿ ಬಂದ 2013ರಿಂದಲೂ ನಮ್ಮಲ್ಲಿ ನಡೆದೇ ಇದೆ. ಮದುವೆ ಮನೆಯ ಪಂಕ್ತಿಯಲ್ಲಿ, ಸೊಸೈಟಿಯ ಜಗಲಿಯಲ್ಲಿ, ಬಸ್ಸಿನಲ್ಲಿ. ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು. ಮೈಕ್ ಹಿಡಿದಾಗ, ವರದಿಯಲ್ಲಿ ಬರೆದಿರುವುದು ಯಾವುದು, ಅದನ್ನು ಓದಿ ನಿಮಗೆ ಅನಿಸಿದ್ದು ಯಾವುದು ಎಂಬುದನ್ನು ದಯವಿಟ್ಟು ಬೇರೆ ಮಾಡಿ ಹೇಳಿ. ಎರಡನ್ನೂ ಹೇಳಿ, ಬೇಡ ಎನ್ನುವುದಿಲ್ಲ. ನಿಮಗೆ ಅನಿಸಿದ್ದನ್ನು ಕೇಳಲೆಂದೇ ಅಲ್ಲವೇ ನಾವು ವೋಟು ಹಾಕಿ ಕಳಿಸುವುದು. ಆದರೆ ಅನಿಸಿಕೆಗೆ ಸಂಗತಿಯ ಅಂಗಿ ತೊಡಿಸಿ ವೇದಿಕೆ ಹತ್ತಿಸಬೇಡಿ.

ನಮ್ಮ ಕಡೆಯ ಸಭೆಗಳಲ್ಲಿ ಕೇಳಿಬರುವ ಮಾತುಗಳು ನಿಮಗೂ ಗೊತ್ತಿರುವಂಥವೇ. ವರದಿ ಜಾರಿಯಾದರೆ ಊರು ಬಿಟ್ಟು ಹೋಗಬೇಕು. ತೋಟಕ್ಕೆ ಔಷಧಿ ಹೊಡೆಯುವಂತಿಲ್ಲ. ಸಂಜೆಯ ಮೇಲೆ ವಾಹನ ಓಡಾಡುವಂತಿಲ್ಲ. ಮನೆಯ ಹೆಂಚು ಬದಲಿಸಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಜಮೀನು ಮಾರುವ ಹಾಗಿಲ್ಲ, ಮಕ್ಕಳ ಹೆಸರಿಗೆ ಮಾಡುವ ಹಾಗೂ ಇಲ್ಲ. ಇವುಗಳಲ್ಲಿ ಒಂದಕ್ಕಾದರೂ "ಎಂದು ನನಗೆ ಅನಿಸುತ್ತದೆ" ಎಂಬ ಬಾಲ ಇರುವುದಿಲ್ಲ. ಪಹಣಿಯಲ್ಲಿ ಬರೆದಿದ್ದನ್ನು ಓದಿದಷ್ಟೇ ಖಚಿತವಾಗಿ ಹೇಳುತ್ತಾರೆ, ಜನ ಹೌದೆಂದು ತಲೆಯಾಡಿಸುತ್ತಾರೆ.

ಒಂದೊಂದನ್ನೂ ಹುಡುಕಿಕೊಂಡು ಹೋದರೆ ಮಜಾ ಇದೆ. ಔಷಧಿಯ ಮಾತು ಸುಮ್ಮನೆ ಹುಟ್ಟಿದ್ದಲ್ಲ. ರಾಸಾಯನಿಕ ಕೀಟನಾಶಕ, ಕಳೆನಾಶಕಗಳನ್ನು ಹಂತಹಂತವಾಗಿ ನಿಲ್ಲಿಸಬೇಕು, ಅತಿ ಸೂಕ್ಷ್ಮವಾದ ಮೊದಲ ವಲಯದಲ್ಲಿ ಐದು ವರ್ಷ, ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಹತ್ತು ಎಂದು ಬರೆದದ್ದು ನಿಜ. ಆದರೆ ಬರೆದದ್ದು ಇದೇ ಘಟ್ಟದ ಬಗ್ಗೆ ಕೇಂದ್ರ ಮೊದಲು ನೇಮಿಸಿದ್ದ ಮಾಧವ ಗಾಡ್ಗೀಳ್ ಸಮಿತಿ, 2011ರಲ್ಲಿ. ಆ ವರದಿಗೆ ರಾಜ್ಯಗಳು ಒಪ್ಪದೇ ಹೋದದ್ದರಿಂದಲೇ 2012ರಲ್ಲಿ ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಇನ್ನೊಂದು ಸಮಿತಿ ಬಂತು, 2013ರ ಏಪ್ರಿಲ್‌ನಲ್ಲಿ ಅದರ ವರದಿಯೂ ಬಂತು. ರಾತ್ರಿ ಸಂಚಾರದ ಮಾತು ಬಂಡೀಪುರದಿಂದ ಬಂದದ್ದು. ಅಲ್ಲಿ 2009ರಲ್ಲಿ ನಿಷೇಧ ಜಾರಿಯಾಯಿತು, ಅದು ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹೆದ್ದಾರಿಯ ಮಾತು. ಇನ್ನು ಅಭಯಾರಣ್ಯಗಳ ಸುತ್ತ ಒಂದು ಕಿಲೋಮೀಟರ್ ಸೂಕ್ಷ್ಮ ವಲಯ ಎಂದು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಹೇಳಿ, 2023ರ ಏಪ್ರಿಲ್‌ನಲ್ಲಿ ತಾನೇ ಮಾರ್ಪಡಿಸಿದ್ದು ಬೇರೊಂದು ಸಂಗತಿ. ಘಟ್ಟದ 39 ತಾಣಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ಅದರಲ್ಲಿ ಹತ್ತು ನಮ್ಮ ರಾಜ್ಯದವು ಎಂಬುದು ಮತ್ತೊಂದು. ಇಷ್ಟೂ ಬೇರೆ ಬೇರೆ ಕಾಗದ. ಬರೆದವರು ಬೇರೆ, ಅಧಿಕಾರ ಬೇರೆ, ಗಡಿ ಬೇರೆ. ನಮ್ಮ ಭಾಷಣಗಳಲ್ಲಿ ಎಲ್ಲಕ್ಕೂ ಒಂದೇ ಹೆಸರು: "ವರದಿ".

ಸರಿ, ಈಗ ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಇರುವುದೇನು? 2014ರ ಮಾರ್ಚ್‌ನಲ್ಲಿ ಮೊದಲ ಕರಡು, 2024ರ ಜುಲೈ 31ರಂದು ಆರನೆಯದು. ಹೂರಣ ಬಹುಮಟ್ಟಿಗೆ ಒಂದೇ. ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿದ ಜಾಗದಲ್ಲಿ ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ ಪೂರ್ತಿ ನಿಷೇಧ. ಈಗಿರುವ ಗಣಿಗಳನ್ನು ಅಂತಿಮ ಅಧಿಸೂಚನೆಯಿಂದ ಐದು ವರ್ಷದೊಳಗೆ ಅಥವಾ ಗುತ್ತಿಗೆ ಮುಗಿದಾಗ ನಿಲ್ಲಿಸಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಇಲ್ಲ. ಕೆಂಪು ಪಟ್ಟಿಯ, ಅಂದರೆ ಅತಿ ಹೆಚ್ಚು ಮಾಲಿನ್ಯ ಮಾಡುವ ಹೊಸ ಕೈಗಾರಿಕೆ ಇಲ್ಲ. 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡ, 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಬಡಾವಣೆ ಇಲ್ಲ. ಜಲವಿದ್ಯುತ್ ಯೋಜನೆಗೆ ಷರತ್ತುಗಳಿವೆ. ಇರುವ ವಾಸದ ಮನೆಯ ದುರಸ್ತಿ, ವಿಸ್ತರಣೆಗೆ ನಿರ್ಬಂಧವಿಲ್ಲ ಎಂದು ಬರೆದೇ ಇದೆ. ಆಸ್ತಿಯ ಮಾಲೀಕತ್ವ ಬದಲಾಯಿಸಲು ಅಡ್ಡಿಯಿಲ್ಲ. ಜನರನ್ನು ಸ್ಥಳಾಂತರಿಸಬೇಕು ಎಂಬ ಒಂದು ಸಾಲೂ ಇಲ್ಲ.

ಇಷ್ಟು ಹೇಳಿದ ಕೂಡಲೇ "ಹಾಗಾದರೆ ನೀನು ವರದಿಯ ಪರ" ಎನ್ನುವವರು ಇದ್ದಾರೆ. ಅದೇ ನನ್ನ ತಕರಾರು. ಕಾಗದದಲ್ಲಿ ಏನಿದೆ ಎಂದು ಓದಿ ಹೇಳುವುದು ಪರವೂ ಅಲ್ಲ, ವಿರೋಧವೂ ಅಲ್ಲ. ಓದಿದ ಮೇಲೆ ಬೇಡ ಎನ್ನಲು ನನಗೆ ಎಷ್ಟೋ ಕಾರಣಗಳು ಸಿಗಬಹುದು, ನಿಮಗೂ ಸಿಕ್ಕಾವು.

ಜನರ ಭಯವನ್ನು ನಾನು ಹಗುರ ಮಾಡುತ್ತಿಲ್ಲ. ಬ್ರಿಟಿಷರ ಕಾಲದ 1872ರ ಸಾಕ್ಷ್ಯ ಕಾಯ್ದೆ ಸಂಗತಿ ಎಂದರೇನು ಎಂಬುದನ್ನು ವಿವರಿಸುವಾಗ ಒಂದು ಚಂದದ ಕೆಲಸ ಮಾಡಿದೆ. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ವಸ್ತುಸ್ಥಿತಿಯಷ್ಟೇ ಸಂಗತಿಯಲ್ಲ. ಒಬ್ಬ ಮನುಷ್ಯ ಇಂಥ ಅಭಿಪ್ರಾಯ ಇಟ್ಟುಕೊಂಡಿದ್ದಾನೆ ಎಂಬುದೂ ಒಂದು ಸಂಗತಿಯೇ ಎಂದು ಉದಾಹರಣೆ ಕೊಟ್ಟು ಹೇಳುತ್ತದೆ. ಹಾಗೆಯೇ, ತಜ್ಞನೊಬ್ಬನ ಅಭಿಪ್ರಾಯವನ್ನು ಕೋರ್ಟು ಕೇಳುವುದಾದರೆ, ಆ ಅಭಿಪ್ರಾಯಕ್ಕೆ ಅವನು ಬಂದ ಆಧಾರಗಳನ್ನೂ ಕೇಳಬಹುದು ಎನ್ನುತ್ತದೆ. ಆ ಕಾಯ್ದೆಯ ಬದಲಿಗೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಈ ತಿಳಿವಳಿಕೆ ಅದರಲ್ಲೂ ಉಳಿದುಕೊಂಡಿದೆ. ತಾಲ್ಲೂಕು ಕೋರ್ಟಿನಲ್ಲಿ ಬೇಲಿ ವ್ಯಾಜ್ಯಕ್ಕೆ ನಿಂತವನಿಗೂ ಅನ್ವಯಿಸುವ ಈ ವಿವೇಕ, ಸೂಕ್ಷ್ಮ ಪ್ರದೇಶದ ಪಟ್ಟಿಗೆ ಬಂದ ನಮ್ಮ ರಾಜ್ಯದ 1,576 ಹಳ್ಳಿಗಳ ಹಣೆಬರಹದ ಚರ್ಚೆಯಲ್ಲಿ ಯಾಕೆ ಬೇಡವಾಯಿತು?

ಆ ಅಳತೆಯಲ್ಲಿ ನಮ್ಮ ಭಯವನ್ನೇ ಇಟ್ಟು ನೋಡಿ. ಮಲೆನಾಡಿನ ಜನ ಒಕ್ಕಲೆಬ್ಬಿಸುತ್ತಾರೆಂದು ಹೆದರಿದ್ದಾರೆ ಎಂಬುದು ಸಂಗತಿ. ಹೆದರಿಕೆಗೆ ಆಧಾರ ಇದೆ ಎಂಬುದೂ ಸಂಗತಿ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆಮಠ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳನ್ನು ಎಬ್ಬಿಸಿದ್ದು ನೋಡಿದ್ದೇವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದಮೇಲೆ ಅದರೊಳಗೆ ಸಿಕ್ಕಿಕೊಂಡ ಕುಟುಂಬಗಳಿಗೆ ರಸ್ತೆ, ಕರೆಂಟು ಕೇಳಿದಾಗೆಲ್ಲ ಯಾವ ಉತ್ತರ ಸಿಕ್ಕಿದೆ ಎಂಬುದು ಗೊತ್ತಿದೆ. ಬಗರ್ ಹುಕುಂ ಅರ್ಜಿ ಹಾಕಿ ಕುಳಿತವನಿಗೆ, ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ತಿರಸ್ಕೃತವಾದವನಿಗೆ ದೆಹಲಿಯಿಂದ ಬರುವ ಯಾವ ಕಾಗದವೂ ಹಾವಾಗಿಯೇ ಕಾಣುತ್ತದೆ. "ಇವತ್ತು ಇಷ್ಟೇ ಎನ್ನುತ್ತಾರೆ, ಗಡಿ ಗುರುತಾದ ಮೇಲೆ ನಾಳೆ ಇನ್ನೊಂದು ಕಾನೂನು ತರುತ್ತಾರೆ" ಎನ್ನುವುದು ಅಭಿಪ್ರಾಯ. ಆಧಾರ ಇರುವ, ಕಿವಿಗೊಡಬೇಕಾದ ಅಭಿಪ್ರಾಯ. ಸರ್ಕಾರ ಅದಕ್ಕೆ ಉತ್ತರ ಕೊಡಲೇಬೇಕು.

ಆದರೆ "ಈ ಕರಡಿನಲ್ಲೇ ಒಕ್ಕಲೆಬ್ಬಿಸುವ ಮಾತಿದೆ" ಎನ್ನುವುದು ಅಭಿಪ್ರಾಯವೂ ಅಲ್ಲ. ಅದು ಸುಳ್ಳು. ಓದಿ ನೋಡಿದರೆ ತಿಳಿಯುವ ಸುಳ್ಳು. "ಅದು ನನ್ನ ಅಭಿಪ್ರಾಯ" ಎಂದು ಅದನ್ನು ಉಳಿಸಿಕೊಳ್ಳಲು ಬರುವುದಿಲ್ಲ.

ಪರಿಸರ ಸಂಘಟನೆಗಳ ಹಿರಿಯರು ಇಲ್ಲಿಯವರೆಗೆ ಓದಿ ಸಂತೋಷಪಟ್ಟಿದ್ದರೆ, ನಿಮ್ಮ ಸರದಿ ಈಗ ಬಂತು.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಹೋದರು. ಮಾರನೆಯ ದಿನವೇ ಆರನೆಯ ಕರಡು ಹೊರಬಿತ್ತು. ಒಂದರ ಮರುದಿನ ಇನ್ನೊಂದು ಎಂಬುದು ಸಂಗತಿ. ಒಂದರಿಂದ ಇನ್ನೊಂದು ಎಂಬುದು ಊಹೆ. ಐದನೆಯ ಕರಡು ಬಂದು ಆಗಲೇ ಎರಡು ವರ್ಷ ದಾಟಿತ್ತು, ಹೊಸದು ಬರಬೇಕಾಗಿಯೇ ಇತ್ತು. ಅದಿರಲಿ, ದೊಡ್ಡ ಮಾತಿಗೆ ಬರುತ್ತೇನೆ. "ಗಾಡ್ಗೀಳ್ ವರದಿ ಜಾರಿಯಾಗಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ" ಎಂದು ನಿಮ್ಮಲ್ಲಿ ಅನೇಕರು ಬರೆದಿರಿ, ಟೀವಿಯಲ್ಲಿ ಹೇಳಿದಿರಿ. ಗುಡ್ಡ ಕುಸಿದ ವೈತಿರಿ ತಾಲ್ಲೂಕನ್ನು ಗಾಡ್ಗೀಳ್ ಸಮಿತಿ ಅತಿ ಸೂಕ್ಷ್ಮವಾದ ಮೊದಲ ವಲಯದಲ್ಲಿ ಇಟ್ಟಿತ್ತು ಎಂಬುದು ಸಂಗತಿ. ಕುಸಿತ ಶುರುವಾದದ್ದು ಸಮುದ್ರ ಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿ, ಊರುಗಳು ಕೊಚ್ಚಿಹೋದದ್ದು ಕಿಲೋಮೀಟರ್‌ಗಟ್ಟಲೆ ಕೆಳಗೆ ಹೊಳೆಯ ದಂಡೆಯಲ್ಲಿ ಎಂಬುದೂ ಸಂಗತಿ. ಇವೆರಡರ ನಡುವೆ "ಆಗಿದ್ದರೆ, ಆಗುತ್ತಿರಲಿಲ್ಲ" ಎಂಬ ಸೇತುವೆ ಕಟ್ಟುವುದು ನಿಮ್ಮ ತರ್ಕ. ಒಳ್ಳೆಯ ತರ್ಕವೇ ಇರಬಹುದು. ಹಾಗಿದ್ದರೆ ಅದರ ಮೆಟ್ಟಿಲುಗಳನ್ನು ತೋರಿಸಿ: ಯಾವ ನಿಯಮ ಯಾವ ಮನೆಯನ್ನು ಅಲ್ಲಿ ಕಟ್ಟದಂತೆ ತಡೆಯುತ್ತಿತ್ತು? ತೋಟದ ಲೈನ್ ಮನೆಗಳಲ್ಲಿ ಮೊದಲಿನಿಂದಲೂ ಇದ್ದ ಕಾರ್ಮಿಕರು ಎಲ್ಲಿರುತ್ತಿದ್ದರು?

ನಮ್ಮ ಕಡೆಯದೇ ತೆಗೆದುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಧರೆ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಎರಡೂ ಸಲ "ಕಸ್ತೂರಿರಂಗನ್ ವರದಿ ಜಾರಿ ಮಾಡದ ಫಲ" ಎಂಬ ಹೇಳಿಕೆಗಳು ಬಂದವು. ಮನೆಗೆ, ರಸ್ತೆಗೆ, ಹೋಂಸ್ಟೇಗೆ ಎಂದು ಜೆಸಿಬಿ ಹಚ್ಚಿ ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದರೆ ಧರೆ ನಿಲ್ಲುವುದಿಲ್ಲ ಎಂಬುದನ್ನು ಘಟ್ಟದಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಕರಡು ತಡೆಯುವುದು 20,000 ಚದರ ಮೀಟರಿನ ಕಟ್ಟಡವನ್ನು. ಹತ್ತು ಕೋಣೆಯ ಹೋಂಸ್ಟೇಯನ್ನಲ್ಲ. ಹೆದ್ದಾರಿ ಅಗಲ ಮಾಡುವುದು ಅದರ ನಿಷೇಧದ ಪಟ್ಟಿಯಲ್ಲಿ ಇಲ್ಲ. ಹಾಗಿರುವಾಗ ಅದೇ ಕರಡು ಬಂದಿದ್ದರೆ ಆ ಧರೆ ಉಳಿಯುತ್ತಿತ್ತು ಎಂದು ಯಾವ ಧೈರ್ಯದ ಮೇಲೆ ಹೇಳುತ್ತೀರಿ? ಕರಡು ಸಾಲದು, ಇಳಿಜಾರು ಕತ್ತರಿಸುವುದಕ್ಕೇ ಬೇರೆ ಕಾನೂನು ಬೇಕು ಎನ್ನುವುದು ಇನ್ನೂ ಗಟ್ಟಿಯಾದ ವಾದ ಅಲ್ಲವೇ? ಆ ವಾದವನ್ನು ವೇದಿಕೆಯ ಮೇಲೆ ಕೇಳುವುದು ಬಹಳ ಅಪರೂಪ. ಶವಗಳ ಲೆಕ್ಕ ಸಿಕ್ಕ ಕೂಡಲೇ ಎರಡೂ ಕಡೆಯವರಿಗೆ ಓದುವ ತಾಳ್ಮೆ ಹೋಗಿಬಿಡುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪಬೇಕಾಗಿಲ್ಲ.

ಈಗ ಅಂಕಿಗಳ ವಿಷಯ. ಅಂಕಿ ಇದ್ದರೆ ಅದು ಸಂಗತಿ, ಮಾತಿದ್ದರೆ ಅಭಿಪ್ರಾಯ ಎಂದು ನಂಬಿಕೊಂಡವರು ನಮ್ಮಲ್ಲಿ ಬಹಳ. ಕಸ್ತೂರಿರಂಗನ್ ಸಮಿತಿ ಇಡೀ ಪಶ್ಚಿಮ ಘಟ್ಟದ ಸುಮಾರು ಶೇ 37 ಭಾಗವನ್ನು, ಅಂದರೆ 59,940 ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶವೆಂದಿತು. ಕರ್ನಾಟಕದ ಪಾಲು 20,668. ಇಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿದ ಅಂಕಿಯನ್ನು ಯಾರು ಪ್ರಶ್ನಿಸುತ್ತಾರೆ? ಆದರೆ ಆ ಅಂಕಿಯ ಹೊಟ್ಟೆಯೊಳಗೆ ಒಂದು ತೀರ್ಮಾನ ಕುಳಿತಿದೆ. ಒಂದು ಕಂದಾಯ ಗ್ರಾಮದಲ್ಲಿ ಶೇ 20 ಅಥವಾ ಅದಕ್ಕಿಂತ ಹೆಚ್ಚು ಜಾಗ ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮವನ್ನೇ ಸೂಕ್ಷ್ಮ ಎಂದು ಎಣಿಸುವುದು. ಸಾವಿರ ಹೆಕ್ಟೇರಿನ ಗ್ರಾಮದ ಮೂಲೆಯಲ್ಲಿ ಇನ್ನೂರು ಹೆಕ್ಟೇರು ಕಾಡಿದ್ದರೆ ಉಳಿದ ಎಂಟುನೂರು ಹೆಕ್ಟೇರಿನ ಗದ್ದೆ, ತೋಟ, ಶಾಲೆ, ಪೇಟೆ ಎಲ್ಲವೂ ಪಟ್ಟಿಯಲ್ಲಿ. ಇಪ್ಪತ್ತೇ ಯಾಕೆ, ನಲವತ್ತು ಯಾಕಲ್ಲ? ಅದನ್ನು ಉಪಗ್ರಹ ಹೇಳಲಿಲ್ಲ, ಸಮಿತಿ ನಿರ್ಧರಿಸಿತು. ಇಡೀ ಗ್ರಾಮವನ್ನೇ ಘಟಕ ಮಾಡಿದರೆ ಆಡಳಿತಕ್ಕೆ ಸುಲಭ ಎಂಬ ಕಾರಣ ಇರಬಹುದು, ಒಪ್ಪೋಣ. ಆದರೂ ಅದು ಅಳೆದು ಸಿಕ್ಕ ಸಂಗತಿಯಲ್ಲ. ಚರ್ಚೆಗೆ ಮುಕ್ತವಾದ ನಿರ್ಧಾರ.

ಉಪಗ್ರಹದ ಚಿತ್ರವೂ ಅಷ್ಟೇ. ಸಮಿತಿ ಬಳಸಿದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 24 ಮೀಟರ್ ಉದ್ದ, 24 ಮೀಟರ್ ಅಗಲ, ನಮ್ಮ ಲೆಕ್ಕದಲ್ಲಿ ಐದೂಮುಕ್ಕಾಲು ಗುಂಟೆಯ ಹತ್ತಿರ. ದೊಡ್ಡ ಕಾಡನ್ನು ಗುರುತಿಸಲು ಅದು ಧಾರಾಳ ಸಾಕು. ಆದರೆ ಹೆಮ್ಮರಗಳ ನೆರಳಿನ ಕೆಳಗೆ ಕಾಫಿ ಬೆಳೆದ ಕೊಡಗಿನ, ಚಿಕ್ಕಮಗಳೂರಿನ ತೋಟ ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೆ? ಎರಡು ಗುಡ್ಡಗಳ ಸಂದಿಯಲ್ಲಿ ಬಳುಕಿಕೊಂಡು ಹೋಗುವ ಅಡಿಕೆ ತೋಟ, ಅದರ ಮೈಗಂಟಿದ, ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ ಎಲ್ಲಿಗೆ ಸೇರುತ್ತದೆ, ನೈಸರ್ಗಿಕ ಭೂದೃಶ್ಯಕ್ಕೋ, ಮನುಷ್ಯ ಮಾಡಿದ್ದಕ್ಕೋ? ಸೊಪ್ಪಿನಬೆಟ್ಟವನ್ನು ಕಾಡು ಎನ್ನಬೇಕೋ ತೋಟದ ಅಂಗ ಎನ್ನಬೇಕೋ ಎಂಬುದು ನಮ್ಮ ಅಜ್ಜಂದಿರ ಕಾಲದಿಂದಲೂ ಅರಣ್ಯ ಇಲಾಖೆಯ ಜೊತೆ ಇರುವ ಜಗಳ. ಇವೆಲ್ಲ ನಮ್ಮ ಕೈಯಲ್ಲಿದ್ದ ನಿಜವಾದ ಆಕ್ಷೇಪಗಳು. ಸರ್ವೆ ನಂಬರ್ ಹಾಕಿ, ಫೋಟೊ ಹಚ್ಚಿ, ಪಹಣಿ ಸಮೇತ ಕಳಿಸಬಹುದಾಗಿದ್ದ ಆಕ್ಷೇಪಗಳು.

ಕಳಿಸಿದವರು ಯಾರು ಗೊತ್ತೇ? ಕೇರಳದವರು. ಅಲ್ಲಿಯೂ ಬಂದ್ ಆಯಿತು, ಗಲಾಟೆ ಆಯಿತು, ನಮಗಿಂತ ಹೆಚ್ಚೇ ಆಯಿತು. ಜೊತೆಗೆ ಅವರ ಸರ್ಕಾರ ಉಮ್ಮನ್ ವಿ. ಉಮ್ಮನ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು, 123 ಗ್ರಾಮಗಳಲ್ಲಿ ಜನವಸತಿ, ತೋಟ, ಕಾಡುಗಳನ್ನು ನೆಲದ ಮೇಲೆ ಗುರುತಿಸುವ ಕೆಲಸ ಮಾಡಿಸಿತು. ಕಸ್ತೂರಿರಂಗನ್ ವರದಿಯಲ್ಲಿ 13,108 ಚದರ ಕಿಲೋಮೀಟರ್ ಇದ್ದ ಅವರ ಪಾಲು 2014ರ ಮೊದಲ ಕರಡಿನಲ್ಲೇ 9,993.7ಕ್ಕೆ ಇಳಿಯಿತು. ಒಟ್ಟು ಪ್ರದೇಶ 59,940ರಿಂದ 56,825ಕ್ಕೆ ಇಳಿದದ್ದು ಬಹುತೇಕ ಅದೊಂದರಿಂದಲೇ. ಹಾಗೆ ಇಳಿಸಿದ್ದು ಘಟ್ಟಕ್ಕೆ ಒಳ್ಳೆಯದಾಯಿತೇ ಎಂಬ ಬಗ್ಗೆ ಕೇರಳದಲ್ಲೇ ಜಗಳವಿದೆ. ವಯನಾಡಿನ ನಂತರ ಅದು ಇನ್ನೂ ಜೋರಾಗಿದೆ. ನನ್ನ ಮಾತು ಅದಲ್ಲ. ಅವರು ಅಳತೆ ಒಯ್ದರು, ದೆಹಲಿ ಅಳತೆಗೆ ಉತ್ತರ ಕೊಡಬೇಕಾಯಿತು.

ನಮ್ಮದು? ವರದಿಯಲ್ಲಿ 20,668. ಮೊದಲ ಕರಡಿನಲ್ಲಿ 20,668. ಆರನೆಯ ಕರಡಿನಲ್ಲೂ 20,668. ಈ ನಡುವೆ ಎಷ್ಟು ಮುಖ್ಯಮಂತ್ರಿಗಳು ಬಂದು ಹೋದರು, ಯಾವ ಯಾವ ಪಕ್ಷ ಅಧಿಕಾರದಲ್ಲಿತ್ತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಲ್ಲರೂ ವಿರೋಧಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಮತ್ತೊಮ್ಮೆ ವರದಿಯನ್ನು ತಿರಸ್ಕರಿಸಿತು. ಒಂದು ಚದರ ಕಿಲೋಮೀಟರೂ ಆಚೀಚೆ ಆಗಲಿಲ್ಲ. ನಾವು ಅಡಿಕೆ ಮಂಡಿಗೆ ಹೋಗುವಾಗ ಸರಕು, ಬೆಟ್ಟೆ, ಗೊರಬಲು ಬೇರೆ ಬೇರೆ ಚೀಲಕ್ಕೆ ತುಂಬುತ್ತೇವೆ. ಸರಕಿನ ಚೀಲದಲ್ಲಿ ಗೊರಬಲು ಬೆರೆಸಿದರೆ ಇಡೀ ಚೀಲಕ್ಕೆ ಗೊರಬಲಿನ ದರ. ನಮ್ಮ ಸಾಚಾ ಆಕ್ಷೇಪಗಳಿಗೂ ಹಾಗೆಯೇ ಆಗಿದೆ. "ಇಪ್ಪತ್ತು ಶೇಕಡಾ ಸರಿಯಲ್ಲ, ನೆರಳಿನ ತೋಟವನ್ನು ಕಾಡೆಂದು ಎಣಿಸಿದ್ದೀರಿ" ಎಂಬ ಮಾತು "ರಾತ್ರಿ ಬಸ್ಸು ನಿಲ್ಲಿಸುತ್ತಾರೆ" ಎಂಬ ಮಾತಿನ ಜೊತೆ ಒಂದೇ ಠರಾವಿನಲ್ಲಿ ಹೋಯಿತು. ದೆಹಲಿಯ ಅಧಿಕಾರಿ ಎರಡನೆಯದನ್ನು ಓದಿ ನಕ್ಕು, ಮೊದಲನೆಯದನ್ನೂ ಅದರ ಜೊತೆಗೇ ಮಡಚಿಟ್ಟಿದ್ದರೆ ಆತನನ್ನು ಬೈದು ಏನು ಪ್ರಯೋಜನ?

ಅದಕ್ಕೇ ಕೇಳುತ್ತಿದ್ದೇನೆ. ಗೆಜೆಟ್‌ನಲ್ಲಿ ಕರಡು ಬರುವುದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಆಕ್ಷೇಪಣೆಗೆ ಕೊಡುವುದು 60 ದಿನ. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡು ಹೀಗೆಯೇ ಬಂದಾಗ, ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ 22 ಭಾಷೆಗಳಿಗೂ ಅನುವಾದಿಸಿ ಪ್ರಕಟಿಸಬೇಕು ಎಂದು ದೆಹಲಿ ಹೈಕೋರ್ಟ್ ಹೇಳಿತ್ತು. ಆ ಆದೇಶ ಹಿಡಿದುಕೊಂಡು ಘಟ್ಟದ ಕರಡನ್ನೂ ಕನ್ನಡದಲ್ಲಿ ಕೊಡಿ ಎಂದು ನಮ್ಮ ಸಂಸದರು ಒಟ್ಟಾಗಿ ಕೇಳಬಾರದೇ? ಕೇಂದ್ರ ಕೊಡದಿದ್ದರೆ ರಾಜ್ಯ ಸರ್ಕಾರದ ಭಾಷಾಂತರಕಾರರಿಗೆ ಅದು ವಾರದ ಕೆಲಸ. ಕಂದಾಯ ಇಲಾಖೆಯವರು ಪ್ರತಿ ಗ್ರಾಮದ ನಕ್ಷೆಯ ಮೇಲೆ ಯಾವ ಸರ್ವೆ ನಂಬರುಗಳ ದೆಸೆಯಿಂದ ಆ ಗ್ರಾಮ ಪಟ್ಟಿಗೆ ಸೇರಿತು ಎಂದು ಗುರುತಿಸಿ ಕೊಡಲಿ. ರಾಜ್ಯಗಳ ಆಕ್ಷೇಪಣೆ ಪರಿಶೀಲಿಸಲೆಂದೇ 2022ರಲ್ಲಿ ಕೇಂದ್ರ ಒಂದು ಸಮಿತಿ ನೇಮಿಸಿತು. ಅಂಥ ಸಮಿತಿಯ ಮುಂದೆ ಇಡಬೇಕಾದದ್ದು ಈ ನಕ್ಷೆಯನ್ನೇ, ಭಾಷಣದ ಪ್ರತಿಯನ್ನಲ್ಲ.

ಗ್ರಾಮಸಭೆ ಕರೆದಾಗ ಮೊದಲು ಪಿಡಿಒ ಕರಡನ್ನು ಪೂರ್ತಿ ಓದಲಿ. ಗಟ್ಟಿಯಾಗಿ, ಕನ್ನಡದಲ್ಲಿ, ವ್ಯಾಖ್ಯಾನ ಇಲ್ಲದೆ. ಅರ್ಥವಾಗದ ಕಡೆ ಜನ ಕೇಳಲಿ, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ನಡಾವಳಿ ಪುಸ್ತಕದಲ್ಲಿ ಬರೆಯಲಿ. ನಡಾವಳಿಯಲ್ಲಿ ಎರಡು ಭಾಗ ಮಾಡಿ: ನಮ್ಮೂರಿನ ಸರ್ವೆ ನಂಬರಿಗೆ ಸಂಬಂಧಿಸಿ ಕರಡಿನಲ್ಲಿ ತಪ್ಪಾಗಿರುವುದು ಒಂದು ಕಡೆ, ಕರಡಿನ ಬಗ್ಗೆ ನಮ್ಮ ಹೆದರಿಕೆ, ಅನುಮಾನ, ಬೇಡಿಕೆ ಇನ್ನೊಂದು ಕಡೆ. ಎರಡೂ ದೆಹಲಿಗೆ ಹೋಗಲಿ. ಎರಡನೆಯ ಭಾಗ ಉದ್ದವಾದರೂ ಚಿಂತೆಯಿಲ್ಲ, ಅಲ್ಲಿ ಲಿಂಗನಮಕ್ಕಿಯೂ ಬರಲಿ, ಭದ್ರಾವೂ ಬರಲಿ. ಪರಿಸರದವರೂ ಬನ್ನಿ, ನಿಮಗೂ ಕುರ್ಚಿ ಹಾಕಿಸೋಣ; ಘಟ್ಟದ ನೀರು ಕುಡಿಯುವವರು ಬಯಲುಸೀಮೆಯಲ್ಲೂ ಇದ್ದಾರೆ, ಅವರ ಪರವಾಗಿ ಮಾತಾಡುವ ಹಕ್ಕು ನಿಮಗಿದೆ.

ಶಾಸಕರ ಭಾಷಣವನ್ನು ಓದು ಮುಗಿದ ಮೇಲೆ ಇಟ್ಟುಕೊಳ್ಳೋಣ. ಕೊನೆಯವರೆಗೆ ಕುಳಿತು ಕೇಳುತ್ತೇವೆ. ಆದರೆ ಆಗ ನಮ್ಮ ಕೈಯಲ್ಲಿ ಕರಡಿನ ಪ್ರತಿ ಇರುತ್ತದೆ, ನಡುನಡುವೆ "ಸಾರ್, ಇದು ಯಾವ ಪುಟದಲ್ಲಿದೆ?" ಎಂದು ಯಾರಾದರೂ ಎದ್ದು ಕೇಳಿದರೆ ಬೇಸರ ಮಾಡಿಕೊಳ್ಳಬಾರದು.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ